ಬಾಡಿಗೆ ಮನೆಗೆ ಬೆಕ್ಕನ್ನು ಕದ್ದು ತರಬೇಡಿ
ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಲ್ಲಿ ಬೆಕ್ಕು ಯಾರದ್ದೆಂದು ಕೇಳುವವರು ಕಡಿಮೆ. ನಾಲ್ಕು ಮನೆಯ ಹಾಲು ಕುಡಿದು ಐದನೇ ಮನೆಯ ಮಾಳಿಗೆಯಲ್ಲಿ ಮಲಗುತ್ತದೆ. ಬೆಳಗಾವಿ, ಮಂಗಳೂರಿನ ಫ್ಲ್ಯಾಟಿನಲ್ಲಿ ಹಾಗಲ್ಲ, ಓನರ್ ಕೇಳಿಯೇ ಕೇಳುತ್ತಾರೆ.

ಕೆಲವರು ಇಲ್ಲವೆಂದು ಹೇಳಿ, ಅಡ್ವಾನ್ಸ್ ಕೊಟ್ಟು, ರಾತ್ರಿ ಚೀಲದಲ್ಲಿ ಬೆಕ್ಕನ್ನು ತರುತ್ತಾರೆ. ಇದು ಸರಿಯಲ್ಲ. ಸೂರಃ ಅಲ್‌ಮಾಇದ ಶುರುವಾಗುವುದೇ ಕರಾರು ಪಾಲಿಸುವ ಆಜ್ಞೆಯಿಂದ. ನಿವಾಸಿಗಳ ಸಂಘ ಸಾಕುಪ್ರಾಣಿಗೆ ನಿಷೇಧ ಹೇರುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೇಳಿದೆ, ನಿಜ. ಆದರೆ ನೀವೇ ಓನರಿಗೆ ಸಹಿ ಹಾಕಿ ಕೊಟ್ಟ ಅಗ್ರಿಮೆಂಟ್ ಬೇರೆ ವಿಷಯ. ಸಹಿಗೆ ಮೊದಲೇ ಹೇಳಿ, ಬಾಗಿಲು ಪರಚಿದರೆ ಖರ್ಚು ನಮ್ಮದೆಂದು ಬರೆಸಿ. ಓನರಿಗೆ ವಾಸನೆಯದ್ದೇ ಹೆದರಿಕೆ, ಮರಳಿನ ಡಬ್ಬಿ ದಿನವೂ ಸ್ವಚ್ಛ ಮಾಡಿ.

"ನಮಾಝಿಗೆ ತೊಂದರೆ ಉಂಟಾ ಉಸ್ತಾದ್?" ಎಂದು ಕೇಳುವವರಿದ್ದಾರೆ. ಬೆಕ್ಕು ನಜಸ್ ಅಲ್ಲವೆಂಬ ಹದೀಸನ್ನು ಅಬೂ ಖತಾದ (ರ) ವರದಿ ಮಾಡಿದ್ದಾರೆ. ಶಾಫಿಈ ಮದ್‌ಹಬಿನಲ್ಲಿ ಉದುರಿದ ಕೂದಲಿನದ್ದು ಬೇರೆ ಮಾತು, ಅದು ನಜಸ್; ಸ್ವಲ್ಪವಾದರೆ ವಿನಾಯಿತಿ ಉಂಟು. ಮುಸಲ್ಲ ಕೊಡವಿಕೊಳ್ಳಿ.

ಓನರ್ ಒಪ್ಪದಿದ್ದರೆ ಬೇರೆ ಮನೆ ನೋಡಿ, ಇಲ್ಲವೇ ಸಾಕುವವರ ಕೈಗೆ ಕೊಡಿ. ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸಿಗೆ ಏನಾಯಿತೆಂಬುದು ಸಹೀಹುಲ್ ಬುಖಾರಿಯಲ್ಲಿದೆ.