ಕಾರಿನ ಸ್ಪೀಕರ್ ಗೊರಗೊರ ಅಂತಿದೆಯೇ?

ಗದಗಿನಿಂದ ಹೊಂಬಳದ ಕಡೆ ಬೇಸಿಗೆಯಲ್ಲಿ ಒಮ್ಮೆ ಕಾರಿನಲ್ಲಿ ಹೋಗಿಬನ್ನಿ. ಎರೆಹೊಲದ ಧೂಳು ಬಾಗಿಲ ಸಂದಿಯಲ್ಲೆಲ್ಲ ಕೂತಿರುತ್ತೆ. ಬಿಸಿಲಿಗೆ ನಿಲ್ಲಿಸಿದ ಕಾರಂತೂ ಒಲೆಯೇ! ಹೀಗೆ ವರ್ಷಗಟ್ಟಲೆ ಕಾದರೆ ಸ್ಪೀಕರ್ ಅಂಚಿನ ಫೋಮ್ ಪುಡಿಯಾಗುತ್ತೆ, ಕಾಗದದ ಕೋನ್ ಹರಿಯುತ್ತೆ. ಆಮೇಲೆ ಗದಗಿನಲ್ಲೇ ಬೆಳೆದ ಭೀಮಸೇನ ಜೋಶಿಯವರ ದಾಸರ ಪದ ಹಾಕಿದರೂ ನೆಗಡಿಯಾದವರು ಹಾಡಿದ ಹಾಗಿರುತ್ತೆ.

ಅಂಗಡಿಗೆ ಹೋದರೆ ‘ಮೇಡಂ, ಪೂರ್ತಿ ಸೆಟ್ಟೇ ಬದಲಿಸಿಬಿಡಿ’ ಅನ್ನುವವರೇ ಹೆಚ್ಚು. ಮಕ್ಕಳ ಸ್ಕೂಲ್ ಫೀ ಕಟ್ಟುವ ತಿಂಗಳಲ್ಲಿ ಅಷ್ಟು ದುಡ್ಡು ಎಲ್ಲಿಂದ ತರೋಣ? ಗಾಬರಿ ಬೇಡ. ಹಾಡು, ವಾರ್ತೆ ಕೇಳುವಷ್ಟಕ್ಕೆ ಮುಂದಿನ ಬಾಗಿಲಿನ ಒಂದು ಜೊತೆ ಸ್ಪೀಕರ್ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಹೆಸರಾದ ಕಂಪನಿಗಳ ಸಾದಾ ಜೋಡಿ ಸುಮಾರು 1,500ರಿಂದ 3,000 ರೂಪಾಯಿ ಒಳಗೆ ಸಿಗುತ್ತೆ.

ಮೊದಲು ರೋಗ ಹುಡುಕಿ

ಸ್ಟೀರಿಯೊದಲ್ಲಿ ಬ್ಯಾಲೆನ್ಸ್, ಫೇಡರ್ ಅಂತ ಇರುತ್ತೆ. ಅದನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ತಿರುಗಿಸಿ ಒಂದೊಂದೇ ಸ್ಪೀಕರ್ ಕೇಳಿ. ಒಂದೇ ಕಡೆ ಗೊರಗೊರ ಅಂದರೆ ಸ್ಪೀಕರ್ ಅಥವಾ ಅದರ ವೈರಿನ ದೋಷ. ನಾಲ್ಕೂ ಕಡೆ ಒಂದೇ ಥರ ಕೆಟ್ಟಿದ್ದರೆ ಸ್ಟೀರಿಯೊವನ್ನೇ ತೋರಿಸಬೇಕು. ಬಿಚ್ಚಿದ ಸ್ಪೀಕರ್‌ನ ಎರಡು ಕಡ್ಡಿಗೆ ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ ಅನ್ನು ವೈರಿನಿಂದ ಒಂದು ಕ್ಷಣ ಮುಟ್ಟಿಸಿ. ‘ಪಟ್’ ಅಂದರೆ ಒಳಗಿನ ಕಾಯಿಲ್‌ಗೆ ಜೀವ ಇದೆ. ಏನೂ ಕೇಳದಿದ್ದರೆ ಬದಲಿಸಲೇಬೇಕು.

ಡಬ್ಬಿಯ ಮೇಲೆ ಏನು ಓದಬೇಕು?

* ಅಳತೆ: 4, 5.25, 6.5 ಇಂಚು ಹೀಗೆ ಬೇರೆ ಬೇರೆ ಇವೆ. ಹಳೆಯದನ್ನು ಜೊತೆಗೇ ಒಯ್ಯಿರಿ. ಹಿಂದಿನ ಆಳವನ್ನೂ ಅಳೆಯಿರಿ, ಇಲ್ಲವಾದರೆ ಇಳಿಸಿದ ಗಾಜು ಅಯಸ್ಕಾಂತಕ್ಕೆ ತಾಗುತ್ತೆ.

* ವಾಟ್: ದಪ್ಪಕ್ಷರದ ‘200 ವಾಟ್’ ನೋಡಿ ಮರುಳಾಗಬೇಡಿ. ಅದು ಒಂದು ಕ್ಷಣ ತಡೆಯುವ ಶಕ್ತಿ. ಸಣ್ಣಕ್ಷರದ ‘ಆರ್‌ಎಂಎಸ್’ ಸಂಖ್ಯೆಯೇ ನಿಜವಾದದ್ದು. ಸಾದಾ ಸ್ಟೀರಿಯೊ ಒಂದು ಸ್ಪೀಕರ್‌ಗೆ ಕೊಡುವುದೇ ಸುಮಾರು 15-20 ವಾಟ್.

* ಸೆನ್ಸಿಟಿವಿಟಿ: ಇದನ್ನು ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. 90ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. 3 ಡೆಸಿಬಲ್ ಹೆಚ್ಚಿದ್ದರೆ ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಬರುತ್ತೆ. ಆಂಪ್ಲಿಫೈಯರ್ ಖರ್ಚು ಉಳಿಸುವ ಗುಟ್ಟು ಇದೇ.

* ಓಮ್: ಬಹುತೇಕ ಕಾರುಗಳಿಗೆ 4 ಓಮ್. ಹಳೆಯದರ ಬೆನ್ನ ಮೇಲೆ ಬರೆದಿರುತ್ತೆ, ಹೊಂದಿಸಿ ತಗೊಳ್ಳಿ. ಕಡಿಮೆ ಓಮ್ ಹಾಕಿದರೆ ಸ್ಟೀರಿಯೊ ಬಿಸಿಯಾಗಿ ಕೆಡಬಹುದು.

ದೊಡ್ಡ ಕೋನ್ ನಡುವೆ ಪುಟ್ಟ ಟ್ವೀಟರ್ ಕೂತಿರುವ ‘ಕೋಆಕ್ಸಿಯಲ್’ ಜೋಡಿ ಕೇಳಿ. ಕಡಿಮೆ ಬಜೆಟ್ಟಿಗೆ ಅದೇ ಸರಿ.

ಫಿಟ್ಟಿಂಗ್ ವೇಳೆ ಎದುರಿಗೇ ನಿಲ್ಲಿ

ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ಟೇಪ್ ಬಿಚ್ಚಿಕೊಂಡರೆ ಶಾರ್ಟ್ ಆಗುವ ಭಯ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಹಾಕಿಸಿ. ಪ್ಲಸ್-ಮೈನಸ್ ಎರಡೂ ಕಡೆ ಒಂದೇ ರೀತಿ ಇರಲಿ. ಒಂದು ಉಲ್ಟಾ ಆದರೆ ತಬಲಾದ ಡಗ್ಗಾ ನಾದವೇ ಮಾಯ! ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿದರೋ ಇಲ್ಲವೋ ನೋಡಿ. ಗಾಜಿನ ಸಂದಿಯಿಂದ ಇಳಿಯುವ ಮಳೆ ನೀರನ್ನು ತಡೆಯುವುದು ಅದೇ ಹಾಳೆ.

ದುಡ್ಡು ಕೊಡುವ ಮುಂಚೆ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಹಾಕಿ ಕೇಳಿ. ಮಾತು ಸ್ಪಷ್ಟ ಇದೆಯೇ, ತಂಬೂರಿ ಹಿತವಾಗಿದೆಯೇ? ಬಿಲ್ಲು, ವಾರಂಟಿ ಕಾರ್ಡು ಮರೆಯದೇ ಇಸ್ಕೊಳ್ಳಿ. ಸದ್ದು ಒಡೆಯತೊಡಗಿದರೆ ತಕ್ಷಣ ವಾಲ್ಯೂಮ್ ಇಳಿಸಿ, ಹೊಸ ಸ್ಪೀಕರ್ ಸುಡುವುದು ಹೆಚ್ಚಾಗಿ ಆಗಲೇ. ಹಿಂದೆ ಬರುವ ಲಾರಿಯ ಹಾರ್ನ್ ಕೇಳಿಸಬೇಕು, ಹಿಂದಿನ ಸೀಟಿನ ಮಗುವಿನ ಕಿವಿಯೂ ನೋಯಬಾರದು. ಅಷ್ಟು ಸದ್ದು ಸಾಕಲ್ಲವೇ?