ಸಂವೇದಕ ಮಂಡಲಗಳಲ್ಲಿ ಆಪ್-ಆಂಪ್‌ಗಳ ಬದಲಾವಣೆ

ಸಂವೇದಕಗಳು ಕೊಡುವ ವಿದ್ಯುತ್ಸಂಜ್ಞೆ ಸಾಮಾನ್ಯವಾಗಿ ಬಹು ಕ್ಷೀಣವಾದುದು. ಅದನ್ನು ಹಿಗ್ಗಿಸಿ, ಸೋಸಿ, ಅಳತೆಯ ಯಂತ್ರಕ್ಕೆ ಒಪ್ಪುವಂತೆ ಅಣಿಗೊಳಿಸುವ ಮಂಡಲದ ಮುಖ್ಯಾಂಗವೇ ಆಪರೇಷನಲ್ ಆಂಪ್ಲಿಫೈಯರ್, ಅಥವಾ ಆಪ್-ಆಂಪ್. 1947ರಲ್ಲಿ ರಗಾಝಿನಿ, ರ್ಯಾಂಡಲ್, ರಸೆಲ್ ಎಂಬ ಮೂವರು ತಮ್ಮ ಪ್ರಬಂಧವೊಂದರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಗಣಿತಕ್ರಿಯೆಗಳನ್ನು ನಡೆಸುವ ವರ್ಧಕವೆಂದು ಇದರರ್ಥ. ಗುಣಾಕಾರ ಭಾಗಾಕಾರಾದಿ ಕ್ರಿಯೆಗಳಿಗೆ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ‘ಪರಿಕರ್ಮ’ವೆಂಬ ಹೆಸರನ್ನಿಟ್ಟಿರುವುದರಿಂದ, ನಾವು ‘ಪರಿಕರ್ಮವರ್ಧಕ’ವೆಂದರೂ ಸಲ್ಲುವುದು. ಆದರೆ ಅಂಗಡಿಯಲ್ಲಿ ಆ ಹೆಸರಿಗೆ ಸರಕು ದೊರೆಯಲಾರದಾದ್ದರಿಂದ ಇಲ್ಲಿ ಆಪ್-ಆಂಪ್ ಎಂದೇ ಬರೆದಿದೆ.

ಹಳೆಯ ಉಪಕರಣ ಕೆಟ್ಟು, ಬೇಕಾದ ಸಂಖ್ಯೆಯ ಚಿಪ್ಪು ದೊರೆಯದಿದ್ದಾಗ, ಕಾಲುಗಳು ಹೊಂದುವ ಬೇರೊಂದನ್ನು ತೊಡಿಸುವುದು ರೂಢಿಯಾಗಿದೆ. ಕಾಲು ಹೊಂದಿದೊಡನೆ ಗುಣವೂ ಹೊಂದಿತೆಂದು ಭಾವಿಸುವುದು ಒಂದು ಭ್ರಮೆ. ಬೆಲೆಯಲ್ಲಿ ಹೆಚ್ಚಿನದು ಎಲ್ಲೆಡೆಯೂ ಮೇಲೆಂಬುದು ಅದಕ್ಕಿಂತ ಅಪಾಯಕರವಾದ ಭ್ರಮೆ. ಯಾವುದು ಮೇಲೆಂಬುದನ್ನು ಅದರ ಮುಂದಿರುವ ಸಂವೇದಕವೇ ನಿರ್ಣಯಿಸಬೇಕು.

ಕುಲುಮೆಯ ತಾಪವನ್ನಳೆಯುವ ಕೆ ಜಾತಿಯ ಥರ್ಮೋಕಪಲ್ಲನ್ನು ತೆಗೆದುಕೊಳ್ಳಿ. ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಅದು ಕೊಡುವುದು ಸುಮಾರು 41 ಮೈಕ್ರೋವೋಲ್ಟು ಮಾತ್ರ. 1968ರಲ್ಲಿ ಫೇರ್‌ಚೈಲ್ಡ್ ಸಂಸ್ಥೆ ಹೊರತಂದ ಪ್ರಸಿದ್ಧ 741ರಲ್ಲಿ, ಏನೂ ಒದಗಿಸದಿದ್ದಾಗಲೂ ಪ್ರವೇಶದಲ್ಲಿ ತೋರುವ ದೋಷವೋಲ್ಟೇಜು ಸಾಧಾರಣವಾಗಿ 1 ಮಿಲಿವೋಲ್ಟು. ಎಂದರೆ ಸುಮಾರು 24 ಡಿಗ್ರಿಗಳ ತಪ್ಪು. ಅದನ್ನು ತಿರುಪಿನಿಂದ ಸೊನ್ನೆಗೊಳಿಸಬಹುದಾದರೂ, ಕೋಣೆಯ ತಾಪ ಬದಲಾದಂತೆ ಅದು ಪುನಃ ತಲೆಯೆತ್ತುತ್ತದೆ. ಓಪಿ07ಇ ಎಂಬುದರಲ್ಲಿ ಈ ದೋಷವು ಹೆಚ್ಚೆಂದರೆ 75 ಮೈಕ್ರೋವೋಲ್ಟು. ತಪ್ಪು ಎರಡು ಡಿಗ್ರಿಯೊಳಗೆ ನಿಲ್ಲುವುದು. ಇಲ್ಲಿ ಬದಲಾವಣೆ ಹಿತವೇ ಸರಿ.

ಈಗ ಅದೇ ಓಪಿ07ನ್ನು ಪಿಎಚ್ ಮಾಪಕಕ್ಕೆ ತೊಡಿಸೋಣ. ಗಾಜಿನ ಇಲೆಕ್ಟ್ರೋಡು 25 ಡಿಗ್ರಿಯಲ್ಲಿ ಒಂದು ಪಿಎಚ್ ಮಾನಕ್ಕೆ ಸುಮಾರು 59 ಮಿಲಿವೋಲ್ಟು ಕೊಡುತ್ತದೆ. ಥರ್ಮೋಕಪಲ್ಲಿನ ಮುಂದೆ ಇದು ಐಶ್ವರ್ಯವೇ! ಆದರೆ ಅದರ ಒಳರೋಧ 100 ಮೆಗಾಓಂನಷ್ಟಿರಬಹುದು. ಆಪ್-ಆಂಪಿನ ಪ್ರವೇಶಕ್ಕೆ ಹರಿಯುವ ಅಲ್ಪಪ್ರವಾಹವೂ ಈ ರೋಧದಲ್ಲಿ ದೊಡ್ಡ ವೋಲ್ಟೇಜಾಗುತ್ತದೆ. ಓಪಿ07ಇದರ ಪ್ರವಾಹ ಸಾಧಾರಣವಾಗಿ 1.2 ನ್ಯಾನೋಆಂಪಿಯರು, ಗುಣಿಸಿದರೆ 120 ಮಿಲಿವೋಲ್ಟು, ಎಂದರೆ ಎರಡು ಪಿಎಚ್ ಮಾನಗಳ ತಪ್ಪು. ತಟಸ್ಥವಾದ ನೀರು ಆಮ್ಲವೆಂದೋ ಕ್ಷಾರವೆಂದೋ ತೋರೀತು. 741ರಲ್ಲಾದರೆ 80 ನ್ಯಾನೋಆಂಪಿಯರು, ಲೆಕ್ಕವೇ ಬೇಡ. ಅಗ್ಗದ ಟಿಎಲ್081 ಇಲ್ಲಿ ಇವೆರಡನ್ನೂ ಮೀರಿಸುವುದು: 30 ಪಿಕೋಆಂಪಿಯರಿಗೆ 3 ಮಿಲಿವೋಲ್ಟು, ಪಿಎಚ್‌ನ ಇಪ್ಪತ್ತನೆಯ ಒಂದು ಪಾಲು. ಆದರೂ ಈ ಜಾತಿಯಲ್ಲಿ ತಾಪವು ಹತ್ತು ಡಿಗ್ರಿ ಏರಿದಂತೆಲ್ಲ ಪ್ರವಾಹ ಸುಮಾರು ಇಮ್ಮಡಿಸುವುದರಿಂದ, ಪೆಟ್ಟಿಗೆಯೊಳಗೆ 45 ಡಿಗ್ರಿಯಾದರೆ ತಪ್ಪು ನಾಲ್ಮಡಿಯಾಗುವುದು. ಥರ್ಮೋಕಪಲ್ಲಿಗೋ ಈ ಟಿಎಲ್081 ತೀರ ಅಯೋಗ್ಯ. ಅದರ ದೋಷವೋಲ್ಟೇಜು ಸಾಧಾರಣವಾಗಿ 3 ಮಿಲಿವೋಲ್ಟಿನಷ್ಟಿದೆ.

ಪೂರೈಕೆಯ ವಿಷಯವನ್ನೂ ಮರೆಯಬಾರದು. ಎಲ್‌ಎಂ358 ಐದು ವೋಲ್ಟಿನ ಏಕಪೂರೈಕೆಯಲ್ಲಿ, ಭೂಮಟ್ಟದ ಸಂಜ್ಞೆಯನ್ನೂ ಗ್ರಹಿಸುತ್ತದೆ. ಕಾಲುಗಳು ಸರಿಹೊಂದುವ ಟಿಎಲ್082 ಅಲ್ಲಿ ಗ್ರಹಿಸಲಾರದು. ಕೆಲವೊಮ್ಮೆ ನಿರ್ಗಮವೇ ತಲೆಕೆಳಗಾಗುತ್ತದೆ. ಓಪಿ27ಕ್ಕೆ ಬದಲು ವೇಗದ ಆಸೆಯಿಂದ ಓಪಿ37 ಹಾಕಿದರೆ, ವರ್ಧನ ಐದಕ್ಕಿಂತ ಕಡಿಮೆಯಿರುವಲ್ಲಿ ಮಂಡಲ ತಾನಾಗಿ ಆಂದೋಲಿಸತೊಡಗುವುದು.

741ನ್ನು ತೆಗೆದು ಓಪಿ07 ಹಾಕುವವರು ಸೊನ್ನೆ ತಿರುಪನ್ನು ಮೊದಲು ಕಳಚಬೇಕು. ಹಳೆಯದರಲ್ಲಿ ಅದು 1 ಮತ್ತು 5ನೆಯ ಕಾಲುಗಳ ನಡುವೆ ಇದ್ದು ಋಣ ಪೂರೈಕೆಗೆ ಸೇರಿದೆ. ಹೊಸದರಲ್ಲಿ 1 ಮತ್ತು 8ರ ನಡುವೆ ಇದ್ದು ಧನ ಪೂರೈಕೆಗೆ ಸೇರಬೇಕು. ಪಿಎಚ್ ಮಾಪಕವಾದರೆ, ಚಿಪ್ಪನ್ನು ಬದಲಿಸಿದ ಬಳಿಕ ಪ್ರವೇಶವನ್ನು ಒಮ್ಮೆ ನೇರವಾಗಿ, ಮತ್ತೊಮ್ಮೆ 100 ಮೆಗಾಓಂ ರೋಧದ ಮೂಲಕ ಭೂಮಿಗೆ ಸೇರಿಸಿ ಓದಿಕೊಳ್ಳತಕ್ಕದ್ದು. ಎರಡರ ಅಂತರವೇ ಪ್ರವೇಶಪ್ರವಾಹದ ತಪ್ಪು. ಅದಕ್ಕೆ ಮೊದಲು ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ. ಬೆಸುಗೆಯ ಅಂಟು, ಬೆರಳಿನ ಬೆವರು, ಮಳೆಗಾಲದ ತೇವ ಇವುಗಳ ಮೂಲಕ ಸೋರುವ ಪ್ರವಾಹವು ಒಳ್ಳೆಯ ಆಪ್-ಆಂಪಿನ ಪ್ರವಾಹಕ್ಕಿಂತ ಎಷ್ಟೋ ಪಾಲು ಹೆಚ್ಚಿರಬಹುದು.