ಸಾಹಸದ ಹವ್ಯಾಸ: ಆಕರ್ಷಣೆ ಮತ್ತು ಹೊಣೆ



ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರಿನ ಚಿಕ್ಕ ವಿಮಾನ ನಿಲ್ದಾಣವನ್ನು ನೀವು ನೋಡಿರಬಹುದು. ಅದರ ಗೋಡೆಯ ಒಳಗೆ ಹಲವು ತಲೆಮಾರಿನ ಯುವಕ ಯುವತಿಯರು ವಿಮಾನ ಹಾರಿಸಲು ಕಲಿತಿದ್ದಾರೆ. ಗೋಡೆಯ ಹೊರಗಿನ ಹೆದ್ದಾರಿಯಲ್ಲಿ ಮುಂದಿನ ಚಕ್ರ ಎತ್ತಿ ಬೈಕ್ ಓಡಿಸಿದ ಹುಡುಗರನ್ನು ಪೊಲೀಸರು ಹಿಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ.

ಒಳಗಿನವರಿಗೂ ಹೊರಗಿನವರಿಗೂ ಬೇಕಾದದ್ದು ಬಹುಮಟ್ಟಿಗೆ ಒಂದೇ: ವೇಗ, ಎದೆಬಡಿತ, ‘ನಾನು ಇದನ್ನು ಮಾಡಬಲ್ಲೆ’ ಎಂಬ ಹೆಮ್ಮೆ. ಹಾಗಿದ್ದರೆ ಒಂದನ್ನು ಸಾಹಸವೆಂದೂ ಇನ್ನೊಂದನ್ನು ಹುಚ್ಚಾಟವೆಂದೂ ಕರೆಯುತ್ತೇವಲ್ಲ, ಏಕೆ?

ಅಪಾಯ ಏಕೆ ಸೆಳೆಯುತ್ತದೆ?

ಬಂಡೆಯ ಅಂಚಿನಲ್ಲಿ ನಿಂತಾಗ ನಮ್ಮ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಗಂಡಾಂತರ ಕಳೆದ ಕೂಡಲೇ ಒಂದು ಬಗೆಯ ಹಗುರತನ, ಸಂತೋಷ ಮೂಡುತ್ತದೆ. ಆ ಸಂತೋಷವನ್ನು ಮತ್ತೆ ಸವಿಯಬೇಕೆಂದು ಮನಸ್ಸು ಬಯಸುತ್ತದೆ.

ಈ ಬಯಕೆ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಜುಕರ್‌ಮನ್ ಇದನ್ನು ಅಳೆಯಲು 1964ರಲ್ಲಿಯೇ ಒಂದು ಪ್ರಶ್ನಾವಳಿ ರಚಿಸಿದರು. ಹೊಸ ಅನುಭವಕ್ಕಾಗಿ ಹಾತೊರೆಯುವುದು ಕೆಲವರ ಸ್ವಭಾವ, ಅದು ದೋಷವಲ್ಲ. ಆ ಸ್ವಭಾವದವರು ಇಲ್ಲದಿದ್ದರೆ ಯಾರೂ ಸಮುದ್ರ ದಾಟುತ್ತಿರಲಿಲ್ಲ, ಶಿಖರ ಏರುತ್ತಿರಲಿಲ್ಲ.

ಸ್ನೇಹಿತರು ನೋಡುತ್ತಿರುವಾಗ

‘ಮೀಸೆ ಬಂದಾಗ ದೇಶ ಕಾಣದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಿದುಳಿನ ಅಧ್ಯಯನ ಈ ಮಾತಿಗೆ ಒಂದು ಕಾರಣವನ್ನು ತೋರಿಸುತ್ತದೆ. ಉತ್ಸಾಹವನ್ನು ಕೆರಳಿಸುವ ಭಾಗ ಹರೆಯದಲ್ಲಿ ಬಹಳ ಚುರುಕಾಗಿರುತ್ತದೆ. ಮುಂದಾಲೋಚನೆ ಮಾಡಿ ತಡೆಯುವ ಹಣೆಯ ಹಿಂಬದಿಯ ಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಆಸುಪಾಸಿನವರೆಗೆ ಸಮಯ ಬೇಕು.

ಇದಕ್ಕಿಂತಲೂ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಬೇರೆಬೇರೆ ವಯಸ್ಸಿನವರಿಂದ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಸುಮಾರು ಎರಡು ಪಟ್ಟು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಈಗ ಗೆಳೆಯರ ಜೊತೆಗೆ ಮೊಬೈಲ್ ಕ್ಯಾಮೆರಾ ಕೂಡ ಸೇರಿಕೊಂಡಿದೆ. ‘ಇನ್ನೊಂದು ಸಲ ಮಾಡೋ, ರೀಲ್ ಚೆನ್ನಾಗಿ ಬರಲಿಲ್ಲ’ ಎನ್ನುವವನು ಬೈಕಿನ ಮೇಲೆ ಕುಳಿತಿರುವುದಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ ಅಲ್ಲವೇ?

ಗೋಡೆಯ ಒಳಗೆ

ಜಕ್ಕೂರಿನ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಮೊದಲ ಮಹಿಳೆ ಉಷಾ ಸುಂದರಂ. ಹೆಣ್ಣುಮಕ್ಕಳು ಸೈಕಲ್ ತುಳಿದರೂ ಜನ ತಿರುಗಿ ನೋಡುತ್ತಿದ್ದ ಕಾಲ ಅದು. 1951ರಲ್ಲಿ ಅವರು ಪತಿ ವಿ. ಸುಂದರಂ ಅವರೊಡನೆ ಡವ್ ಎಂಬ ಸಣ್ಣ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ ಸುಮಾರು 27 ಗಂಟೆಗಳಲ್ಲಿ ಹಾರಿಸಿಕೊಂಡು ಬಂದರು. ಇದಕ್ಕಿಂತ ದೊಡ್ಡ ಸಾಹಸ ಬೇಕೇ?

ಆದರೆ ಇಂಥ ಸಾಹಸದ ಹಿಂದೆ ಬೇಸರ ತರಿಸುವಷ್ಟು ಶಿಸ್ತು ಇರುತ್ತದೆ. ಹಾರಲು ಕಲಿಯುವವರು ಪ್ರತಿ ಸಲವೂ ವಿಮಾನದ ಸುತ್ತ ನಡೆದು ಟೈರು, ಎಣ್ಣೆ, ರೆಕ್ಕೆಯ ಚಲಿಸುವ ಭಾಗಗಳನ್ನು ಪರೀಕ್ಷಿಸುತ್ತಾರೆ. ಇಂಧನದಲ್ಲಿ ನೀರು ಸೇರಿದೆಯೇ ಎಂದು ಸ್ವಲ್ಪ ಹೊರತೆಗೆದು ನೋಡುತ್ತಾರೆ. ನೂರು ಸಲ ಹಾರಿದ್ದರೂ ಪಟ್ಟಿ ಹಿಡಿದು ಒಂದೊಂದಾಗಿ ಓದುತ್ತಾರೆ. ನಮ್ಮ ದೇಶದಲ್ಲಿ ಕಲಿಕೆಯ ಪರವಾನಗಿಗೆ 16 ವರ್ಷವಾಗಿರಬೇಕು. ಖಾಸಗಿ ಪೈಲಟ್ ಆಗಲು 17 ವರ್ಷದ ಜೊತೆಗೆ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ‘ಇವತ್ತು ಗಾಳಿ ಸರಿಯಿಲ್ಲ, ಹಾರುವುದು ಬೇಡ’ ಎಂದು ಶಿಕ್ಷಕರು ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ‘ಬೇಡ’ ಎನ್ನುವ ಅಧಿಕಾರ ಒಬ್ಬರಿಗೆ ಇರುವುದೇ ಸಾಹಸದ ಮೊದಲ ಲಕ್ಷಣ.

ಗೋಡೆಯ ಹೊರಗೆ

ಈಗ ಚಕ್ರ ಎತ್ತಿದ ಬೈಕನ್ನು ನೋಡೋಣ. ಬೈಕನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಶಕ್ತಿಯೂ ಹೆಚ್ಚಾಗಿ ಅದೇ ಚಕ್ರದಲ್ಲಿದೆ. ಅದು ನೆಲ ಬಿಟ್ಟ ಕ್ಷಣ ಎರಡೂ ಕೈತಪ್ಪುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಬೈಕು ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಅಜ್ಜಿ ರಸ್ತೆ ದಾಟಲು ಹೆಜ್ಜೆ ಇಟ್ಟಿದ್ದರೆ?

ಆ ಅಜ್ಜಿಯನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಎರಡನೆಯ ವ್ಯತ್ಯಾಸ ಇದು: ಸಾಹಸಿ ತಾನೇ ಅರಿತು ಆರಿಸಿಕೊಂಡ ಅಪಾಯವನ್ನು ತಾನು ಹೊರುತ್ತಾನೆ, ಹುಚ್ಚಾಟಗಾರ ಅದನ್ನು ಕಂಡವರ ತಲೆಯ ಮೇಲೆ ಹೊರಿಸುತ್ತಾನೆ. ಕಾನೂನು ಕೂಡ ಹೀಗೆಯೇ ನೋಡುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಓಡಿಸಿದವರಿಗೆ 25 ವರ್ಷವಾಗುವವರೆಗೆ ಕಲಿಕೆಯ ಲೈಸೆನ್ಸ್ ಕೂಡ ಸಿಗುವುದಿಲ್ಲ.

ಎರಡು ಘಟನೆಗಳು

ಸಿದ್ಧತೆ ಇದ್ದರೆ ಅಪಾಯವೇ ಇರುವುದಿಲ್ಲ ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನಿಬ್ಬರು ಪೈಲಟ್‌ಗಳು ಹೊರಜಿಗಿದು ಬದುಕಿಕೊಂಡರು. ದೇಶದ ಅತಿ ನುರಿತ ಪೈಲಟ್‌ಗಳಿಗೇ ಹೀಗಾಗಬಹುದಾದರೆ, ಸಿದ್ಧತೆಯೇ ಇಲ್ಲದವರ ಪಾಡೇನು?

2022ರ ಫೆಬ್ರವರಿ 20ರ ಭಾನುವಾರ 19 ವರ್ಷದ ವಿದ್ಯಾರ್ಥಿಯೊಬ್ಬ ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಕೆಳಗಿನಿಂದ ಹತ್ತಿ ತಲುಪಲು ಆಗಲಿಲ್ಲ. ಕೊನೆಗೆ ಯಲಹಂಕದ ವಾಯುನೆಲೆಯಿಂದ ಬಂದ ಹೆಲಿಕಾಪ್ಟರ್ ಅವನನ್ನು ಎತ್ತಿ ತಂದಿತು. ಅವನ ಬಳಿ ಫೋನ್ ಇತ್ತು, ತಾನಿರುವ ಜಾಗವನ್ನು ತಿಳಿಸಿದ. ಆದ್ದರಿಂದ ಉಳಿದ. ಒಬ್ಬನ ಒಂದು ಹೆಜ್ಜೆಗಾಗಿ ಎಷ್ಟು ಜನ ತಮ್ಮ ಜೀವವನ್ನು ಪಣಕ್ಕಿಡಬೇಕಾಯಿತು ಎಂಬುದನ್ನೂ ಯೋಚಿಸಿ.

ನೀವು ಏನು ಮಾಡಬಹುದು?

ಆಸೆಯನ್ನು ಅದುಮಿಡಬೇಡಿ, ಅದಕ್ಕೆ ಸರಿಯಾದ ಜಾಗ ಹುಡುಕಿ. ಬಂಡೆ ಏರುವ ಆಸೆ ಇದೆಯೇ? ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಂಠೀರವ ಕ್ರೀಡಾಂಗಣದಲ್ಲಿ ಹತ್ತಲು ಕೃತಕ ಗೋಡೆ ಇದೆ. ಹಾರುವ ಆಸೆ ಇದ್ದರೆ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ವಾಯು ವಿಭಾಗದ ಬಗ್ಗೆ ವಿಚಾರಿಸಿ. ಎಲ್ಲಿಗೆ ಹೊರಟರೂ ಹೋಗುವ ಜಾಗ, ಮರಳುವ ಹೊತ್ತು ಮನೆಯವರಿಗೆ ಗೊತ್ತಿರಲಿ. ಒಬ್ಬರೇ ಹೋಗಬೇಡಿ. ಹೆಲ್ಮೆಟ್, ಹಗ್ಗಗಳನ್ನು ಪ್ರತಿ ಸಲ ಪರೀಕ್ಷಿಸಿ. ಅರ್ಧ ದಾರಿಯಿಂದ ಹಿಂತಿರುಗುವುದನ್ನೂ ಕಲಿಯಿರಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ಮನೆಯಲ್ಲಿ ಹೇಳಲಾಗದ ಸಾಹಸ ಎಂದು ಅನ್ನಿಸಿದರೆ, ಅದು ಏಕೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಅಲ್ಲಿಯೇ ಇರುತ್ತದೆ.

ಚರ್ಚೆಗೆ

1. ಯಾರೂ ನೋಡದಿದ್ದರೆ, ಚಿತ್ರ ತೆಗೆಯದಿದ್ದರೆ, ಆಗಲೂ ನೀವು ಆ ಸಾಹಸ ಮಾಡುವಿರಾ?
2. ನಿಮ್ಮ ಹವ್ಯಾಸದ ಅಪಾಯವನ್ನು ನಿಮ್ಮ ಜೊತೆಗೆ ಇನ್ನು ಯಾರು ಯಾರು ಹೊರುತ್ತಾರೆ?
3. ಗೆಳೆಯನೊಬ್ಬನಿಗೆ ‘ಇವತ್ತು ಬೇಡ’ ಎಂದು ಹೇಳುವುದು ಹೇಡಿತನವೇ, ಧೈರ್ಯವೇ?